ಮೂತ್ರದಲ್ಲಿ ರಕ್ತ ಕಂಡರೆ ಮುಚ್ಚಿಡಬೇಡಿ



ಮಗುವಿಗೆ ಜ್ವರ ಬಂದರೆ ಅದೇ ರಾತ್ರಿ ಆಸ್ಪತ್ರೆಗೆ ಓಡುವ ತಾಯಿ, ತನ್ನ ಮೂತ್ರದಲ್ಲಿ ರಕ್ತ ಕಂಡರೆ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಉಷ್ಣವೆಂದು ಬಾರ್ಲಿ ನೀರು ಕುಡಿಯುತ್ತಾಳೆ, ಮುಟ್ಟಿನದಿರಬೇಕೆಂದು ಸುಮ್ಮನಾಗುತ್ತಾಳೆ.

ಬಹಳಷ್ಟು ಸಲ ಇದಕ್ಕೆ ಸೋಂಕು ಅಥವಾ ಕಲ್ಲು ಕಾರಣ. ಆದರೆ ನೋವಿಲ್ಲದೆ ಬಂದು, ತಾನಾಗಿಯೇ ನಿಂತುಹೋಗುವ ರಕ್ತ ಮೂತ್ರಮಾರ್ಗದ ಕ್ಯಾನ್ಸರಿನ ಮೊದಲ ಸೂಚನೆಯಾಗಿರಬಹುದು. ಈ ಜಾತಿಯ ಕ್ಯಾನ್ಸರ್ ಹೆಚ್ಚಾಗಿ ಮೂತ್ರಕೋಶದಲ್ಲಿ ಬರುತ್ತದೆ. ನೂರರಲ್ಲಿ ಐದರಿಂದ ಹತ್ತು ಮಾತ್ರ ಮೂತ್ರಪಿಂಡದ ಒಳಭಾಗದಲ್ಲಿ ಅಥವಾ ಅಲ್ಲಿಂದ ಇಳಿಯುವ ನಾಳದಲ್ಲಿ ಕಾಣಿಸುತ್ತವೆ. ಮೂತ್ರದ್ವಾರದ ಕ್ಯಾನ್ಸರ್ ಇನ್ನೂ ಅಪರೂಪ. ಅಪರೂಪವಾದ್ದರಿಂದಲೇ ಪತ್ತೆ ತಡವಾಗುತ್ತದೆ.

ಬೀಡಿ, ಸಿಗರೇಟು ಇದಕ್ಕೆ ದೊಡ್ಡ ಕಾರಣ. ನಾಟಿ ಔಷಧಿಯಲ್ಲಿ ಬಳಸುವ ಈಶ್ವರಿ ಬಳ್ಳಿಯಲ್ಲಿರುವ ವಿಷಾಂಶವೂ ಮೂತ್ರಪಿಂಡವನ್ನು ಕೆಡಿಸಿ ಈ ಕ್ಯಾನ್ಸರ್ ತರಬಲ್ಲದು. ಬೇರಿನ ಔಷಧಿಯೆಲ್ಲ ನಿರಪಾಯವಲ್ಲ.

ಸೋಂಕಿನ ಮಾತ್ರೆ ತೆಗೆದುಕೊಂಡರೂ ರಕ್ತ ಮತ್ತೆ ಬಂದರೆ ಅದೇ ಮಾತ್ರೆಯನ್ನು ಅಂಗಡಿಯಿಂದ ತರಿಸಬೇಡಿ. ಮೂತ್ರದ ಕಲ್ಚರ್ ಮಾಡಿಸಿ. ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ನಾಳದೊಳಗಿನ ಗಡ್ಡೆ ತಪ್ಪಿಹೋಗಬಹುದು. ಆಗ ಸಿ.ಟಿ. ಯೂರೋಗ್ರಾಮ್ ಬೇಕಾಗುತ್ತದೆ. ದುರ್ಬೀನಿನಿಂದ ಒಳಗೆ ನೋಡಿ, ಚೂರು ತೆಗೆದು ಪರೀಕ್ಷಿಸಿದ ಮೇಲೆ ರೋಗ ಖಚಿತವಾಗುತ್ತದೆ.

ಗಡ್ಡೆ ಸಣ್ಣದಿದ್ದು ಸೌಮ್ಯ ಜಾತಿಯದಾದರೆ ದುರ್ಬೀನಿನ ಮೂಲಕವೇ ಲೇಸರ್‌ನಿಂದ ಸುಡಬಹುದು. ಬೆಳೆದಿದ್ದರೆ ಆ ಬದಿಯ ಮೂತ್ರಪಿಂಡ ಮತ್ತು ನಾಳವನ್ನು ಪೂರ್ತಿ ತೆಗೆಯುತ್ತಾರೆ, ಕೆಲವರಿಗೆ ಕೀಮೋಥೆರಪಿಯನ್ನೂ ಕೊಡುತ್ತಾರೆ. ಇನ್ನೊಂದು ಮೂತ್ರಪಿಂಡ ಚೆನ್ನಾಗಿದ್ದರೆ ಒಂದರಲ್ಲೇ ಬದುಕು ಸಾಗುತ್ತದೆ. ಆದರೆ ರೋಗ ಮೂತ್ರಕೋಶದಲ್ಲಿ ಮರುಕಳಿಸಬಹುದಾದ್ದರಿಂದ ವರ್ಷಗಟ್ಟಲೆ ತಪಾಸಣೆ ತಪ್ಪಿಸಬಾರದು.

ಮೂತ್ರಕೋಶವನ್ನೇ ತೆಗೆದು ಹೊಟ್ಟೆಗೆ ಚೀಲ ಅಳವಡಿಸಿದರೆ ನಮಾಝ್ ಹೇಗೆ ಎಂಬ ಚಿಂತೆಯಿಂದ ಕೆಲವರು ಶಸ್ತ್ರಚಿಕಿತ್ಸೆಗೆ ಹಿಂಜರಿಯುತ್ತಾರೆ. ಮೂತ್ರ ನಿಲ್ಲದ ರೋಗಿಗೆ ಶರೀಅತ್ ರಿಯಾಯಿತಿ ಕೊಟ್ಟಿದೆ. ನಮಾಝಿನ ಸಮಯವಾದ ಮೇಲೆ ಹೊಸದಾಗಿ ವುಝೂ ಮಾಡಿ ನಮಾಝ್ ಮಾಡಬಹುದು. ವಿವರವನ್ನು ನಿಮ್ಮೂರ ಆಲಿಮರಲ್ಲಿ ಕೇಳಿ. ಲೇಡಿ ಡಾಕ್ಟರ್ ಸಿಗದಿದ್ದಾಗ ಪುರುಷ ವೈದ್ಯರಿಗೆ ತೋರಿಸುವುದಕ್ಕೂ ಅಗತ್ಯದ ಮಟ್ಟಿಗೆ ಅನುಮತಿಯಿದೆ.

ಕಳ್ಳಂಬೆಳ್ಳದಂಥ ಊರಿನವರು ಮೊದಲು ಶಿರಾದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಗತ್ಯವಿದ್ದರೆ ಅಲ್ಲಿಂದ ಪತ್ರ ಪಡೆದು ತುಮಕೂರಿಗೆ, ಬೆಂಗಳೂರಿನ ನೆಫ್ರೋ-ಯುರಾಲಜಿ ಸಂಸ್ಥೆಗೆ ಅಥವಾ 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆಗೆ ಹೋಗಬಹುದು. ಬಿ.ಪಿ.ಎಲ್. ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆಯ ನೆರವಿದೆ. ಆ ಪತ್ರ, ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಲಜ್ಜೆ ಒಳ್ಳೆಯ ಗುಣ. ಆದರೆ ರೋಗವನ್ನು ಮುಚ್ಚಿಡುವುದು ಲಜ್ಜೆಯಲ್ಲ. ಶರೀರವು ಅಲ್ಲಾಹನ ಅಮಾನತ್ತು. ಇಂದೇ ನಿಮ್ಮ ಅಮ್ಮನನ್ನು, ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೇಳಿ ನೋಡಿ.