ಕಲ್ಲಿನಿಂದ ಎದ್ದುಬರುವ ಮರಿ

ದೊಡ್ಡ ಬಸವಣ್ಣನ ಕಥೆಯನ್ನು ಕೇಳದ ಮಕ್ಕಳು ಬಸವನಗುಡಿಯಲ್ಲಿ ವಿರಳ. ಸುತ್ತಣ ಹೊಲಗಳ ಕಡಲೆಕಾಯಿಯನ್ನು ಇರುಳಲ್ಲಿ ಬಂದು ಮೇಯುತ್ತಿದ್ದ ಗೂಳಿಯೊಂದನ್ನು ರೈತರು ಹೊಡೆದರಂತೆ. ಅದು ಕುಳಿತಲ್ಲಿಯೇ ಕಲ್ಲಾಯಿತಂತೆ. ಕಲ್ಲಾದ ಮೇಲೂ ಬೆಳೆಯುತ್ತಲೇ ಹೋಗಲು, ನೆತ್ತಿಯ ಮೇಲೆ ತ್ರಿಶೂಲವನ್ನಿಟ್ಟು ಅದರ ಬೆಳವಣಿಗೆಯನ್ನು ನಿಲ್ಲಿಸಿದರಂತೆ. ಕಾರ್ತಿಕ ಮಾಸದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಯಲ್ಲಿ ಈ ಕಥೆ ವರ್ಷಕ್ಕೊಮ್ಮೆ ಹೊಸದಾಗುತ್ತದೆ. ಈಗಿನ ಮಕ್ಕಳಿಗೆ ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಕಥೆಯೂ ಪರಿಚಿತ. ಮೊದಲನೆಯದರಲ್ಲಿ ಪ್ರಾಣಿ ಕಲ್ಲಾಗುತ್ತದೆ. ಎರಡನೆಯದರಲ್ಲಿ ಕಲ್ಲೇ ಪ್ರಾಣಿಯಾಗುತ್ತದೆ. ಆ ಪ್ರಾಣಿಯ ಹೆಸರು ಟೈರಂಟ್.

ಪೋಕೆಮಾನ್ ಎಂಬ ಜಪಾನೀ ವಿಡಿಯೋ ಆಟದ ನೂರಾರು ವಿಚಿತ್ರ ಜೀವಿಗಳಲ್ಲಿ ಟೈರಂಟ್ ಒಂದು. ಈ ಜೀವಿಗಳನ್ನು ಹುಡುಕಿ, ಹಿಡಿದು, ಸಾಕಿ, ಬೆಳೆಸುವುದೇ ಆಟ. ಟೈರಂಟ್ ಮೊದಲು ಕಾಣಿಸಿಕೊಂಡದ್ದು 2013ರ ‘ಎಕ್ಸ್’ ಮತ್ತು ‘ವೈ’ ಎಂಬ ಆವೃತ್ತಿಗಳಲ್ಲಿ. ಅಲ್ಲಿ ಆಟಗಾರನಿಗೆ ಗುಹೆಯೊಂದರಲ್ಲಿ ದವಡೆಯ ಪಳೆಯುಳಿಕೆ ದೊರೆಯುತ್ತದೆ. ಅದನ್ನು ಪ್ರಯೋಗಶಾಲೆಗೆ ಒಯ್ದು ಕೊಟ್ಟರೆ ಸಾಕು, ಕಲ್ಲಿನಿಂದ ಜೀವಂತ ಮರಿ ಎದ್ದುಬರುತ್ತದೆ! ಎತ್ತರ 80 ಸೆಂಟಿಮೀಟರು, ತೂಕ 26 ಕಿಲೋ. ಮೋಟಾರು ಕಾರನ್ನೇ ಅಗಿದುಹಾಕಬಲ್ಲ ದವಡೆ ಅದರದು. ಮನಸ್ಸಿಗೆ ಒಗ್ಗದ್ದೇನಾದರೂ ನಡೆದರೆ ಹಠ ಹಿಡಿದು ರಂಪ ಮಾಡುವುದು ಅದರ ಸ್ವಭಾವ. ಈ ಎರಡನೆಯ ಗುಣವನ್ನು ಪುಟ್ಟ ಮಕ್ಕಳಿರುವ ಮನೆಯ ತಾಯಂದಿರಿಗೆ ವಿವರಿಸಬೇಕಾದ ಅಗತ್ಯವಿಲ್ಲ. 39ನೆಯ ಮಟ್ಟ ಮುಟ್ಟಿದಾಗ, ಅದೂ ಹಗಲಿನಲ್ಲಿ, ಈ ಮರಿ ಟೈರಂಟ್ರಮ್ ಎಂಬ ಭಾರಿ ಪ್ರಾಣಿಯಾಗಿ ಮಾರ್ಪಡುತ್ತದೆ.

‘ಹೊತ್ತು ಕಳೆಯುವ ಚಟ’ ಎಂದು ಹಿರಿಯರು ಈ ಆಟವನ್ನು ತಳ್ಳಿಹಾಕುವುದುಂಟು. ಹಾಗೆ ತಳ್ಳಿಹಾಕುವ ಮುನ್ನ ಅದರಲ್ಲಿ ನಿಜವೆಷ್ಟು, ಕಲ್ಪನೆಯೆಷ್ಟು ಎಂಬುದನ್ನು ಮಕ್ಕಳೊಡನೆ ಕುಳಿತು ವಿಚಾರಿಸುವುದು ಲೇಸು.

ಟೈರಂಟ್‌ಗೆ ಮಾದರಿಯಾದ ಟೈರನೋಸಾರಸ್ ರೆಕ್ಸ್ ಎಂಬ ಡೈನೋಸಾರ್ ನಿಜವಾಗಿಯೂ ಬದುಕಿದ್ದ ಪ್ರಾಣಿ. ಆದರೆ ಆಟದ ಟೈರಂಟ್ರಮ್ ಎರಡೂವರೆ ಮೀಟರು ಎತ್ತರ, 270 ಕಿಲೋ ತೂಕಕ್ಕೆ ನಿಂತುಬಿಡುತ್ತದೆ. ನಿಜವಾದ ಪ್ರಾಣಿಯ ಉದ್ದ ಸುಮಾರು 12 ಮೀಟರು, ತೂಕ ಸುಮಾರು ಎಂಟು ಟನ್ನು. ಟೈರಂಟ್ 10 ಕೋಟಿ ವರ್ಷಗಳ ಹಿಂದೆ ಬಾಳಿತ್ತೆಂದು ಆಟ ಹೇಳುತ್ತದೆ. ಟೈರನೋಸಾರಸ್ ರೆಕ್ಸ್ ಉತ್ತರ ಅಮೆರಿಕದಲ್ಲಿ ತಿರುಗಾಡಿದ್ದು ಸುಮಾರು 6.8 ಕೋಟಿ ವರ್ಷಗಳ ಹಿಂದಿನಿಂದ 6.6 ಕೋಟಿ ವರ್ಷಗಳ ಹಿಂದಿನವರೆಗೆ.

ಇಷ್ಟು ತಿಳಿದ ಮಗು ಮುಂದಿನ ಪ್ರಶ್ನೆಯನ್ನು ಕೇಳದೆ ಬಿಡದು: “ತಾತ, ನಮ್ಮ ಕಹಳೆ ಬಂಡೆಯನ್ನು ಅಗೆದರೆ ಡೈನೋಸಾರ್ ಸಿಗುತ್ತದೆಯೇ?” ಸಿಗದು. ಕಾರಣ ಸ್ವಾರಸ್ಯವಾಗಿದೆ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಡೈನೋಸಾರ್‌ಗಳು ಹುಟ್ಟಿದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಅವು ಹುಟ್ಟುವ ಹೊತ್ತಿಗಾಗಲೇ ಈ ಬಂಡೆ ಊಹೆಗೆ ನಿಲುಕದಷ್ಟು ಹಳೆಯದಾಗಿತ್ತು. ಮೇಲಾಗಿ ಅದು ಭೂಗರ್ಭದ ಕಾವು ಮತ್ತು ಒತ್ತಡಗಳಲ್ಲಿ ಬೆಂದು ರೂಪುಗೊಂಡ ಕಲ್ಲು. ಎಲುಬು ಪಳೆಯುಳಿಕೆಯಾಗಿ ಉಳಿಯಬೇಕಾದರೆ ಹೊಳೆಯ ಮರಳೋ ಕೆರೆಯ ಕೆಸರೋ ಅದನ್ನು ಬೇಗನೆ ಮುಚ್ಚಬೇಕು. ಆ ಪದರಗಳು ಮುಂದೆ ಕಲ್ಲಾಗಿ ಗಟ್ಟಿಗೊಳ್ಳಬೇಕು. ಡೈನೋಸಾರ್‌ಗಳ ಕಾಲದ ಅಂತಹ ಪದರಗಳು ಬೆಂಗಳೂರಿನ ಸುತ್ತ ಇಲ್ಲ. ಲಾಲ್‌ಬಾಗಿನಲ್ಲಿ ನೋಡಲು ಸಿಗುವ, ಎರಡು ಕೋಟಿ ವರ್ಷಗಳಷ್ಟು ಹಳೆಯದಾದ ಕಲ್ಲಾದ ಮರವೂ ತಮಿಳುನಾಡಿನ ತಿರುವಕ್ಕರೈಯಿಂದ ಬಂದ ಅತಿಥಿ.

ಹಾಗೆಂದು ಭಾರತದಲ್ಲಿ ಡೈನೋಸಾರ್‌ಗಳೇ ಇರಲಿಲ್ಲವೆಂದು ತಿಳಿಯಬಾರದು. ಗುಜರಾತಿನ ರಾಹಿಯೋಲಿ ಗ್ರಾಮದ ಬಳಿ 1982ರಿಂದ 1984ರವರೆಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಸಂಗ್ರಹಿಸಿದ ಎಲುಬುಗಳಲ್ಲಿ ಮಾಂಸಾಹಾರಿ ಪ್ರಾಣಿಯೊಂದರ ಅವಶೇಷಗಳಿದ್ದವು. ತಲೆಯ ಮೇಲೆ ಗಿಡ್ಡನೆಯ ಕೊಂಬಿದ್ದ ಆ ಪ್ರಾಣಿಗೆ 2003ರಲ್ಲಿ ‘ರಾಜಾಸಾರಸ್ ನರ್ಮದೆನ್ಸಿಸ್’ ಎಂದು ನಾಮಕರಣವಾಯಿತು: ನರ್ಮದೆಯ ರಾಜ. ಟೈರಂಟ್‌ನ ಹೆಸರನ್ನು ನಿದ್ದೆಯಲ್ಲಿಯೂ ಹೇಳಬಲ್ಲ ಮಕ್ಕಳಲ್ಲಿ ನಮ್ಮದೇ ನೆಲದ ಈ ರಾಜನ ಹೆಸರನ್ನು ಬಲ್ಲವರೆಷ್ಟು ಮಂದಿ?

ಇನ್ನು, ಕಲ್ಲಿಗೆ ಜೀವ ಬರಿಸುವ ಮಾತು. ಇದು ಆಟದ ಅತಿ ಮೋಹಕ ಕಲ್ಪನೆ. ಅತಿ ದೊಡ್ಡ ಸುಳ್ಳೂ ಇದೇ. ಜೀವಿಯ ರಚನೆಯ ಸೂತ್ರವನ್ನು ಹೊತ್ತಿರುವ ಡಿ.ಎನ್.ಎ. ಎಂಬ ವಸ್ತು ಸಾವಿನ ನಂತರ ತುಂಡುತುಂಡಾಗಿ ನಶಿಸುತ್ತದೆ. ಗ್ರೀನ್‌ಲ್ಯಾಂಡಿನ ಹಿಮದ ನೆಲದಿಂದ ಪಡೆದು 2022ರಲ್ಲಿ ಪ್ರಕಟಿಸಿದ ಅತ್ಯಂತ ಹಳೆಯ ತುಣುಕುಗಳಿಗೂ ವಯಸ್ಸು 20 ಲಕ್ಷ ವರ್ಷ ಮಾತ್ರ. ಕಟ್ಟಕಡೆಯ ದೈತ್ಯ ಡೈನೋಸಾರ್‌ಗಳು ಅದಕ್ಕೂ ಮೂವತ್ತು ಪಟ್ಟಿಗಿಂತ ಹೆಚ್ಚು ಹಿಂದಿನವು. ಪಳೆಯುಳಿಕೆಯಲ್ಲಿ ಆಕಾರ ಉಳಿಯುತ್ತದೆ, ಪ್ರಾಣ ಮರಳುವುದಿಲ್ಲ.

ಈ ಆಟವನ್ನು ಕಲ್ಪಿಸಿದ ಸತೋಶಿ ತಾಜಿರಿ ಕಣ್ಮರೆಯ ಅರ್ಥವನ್ನು ಎಳವೆಯಲ್ಲಿಯೇ ಕಂಡವರು. 1965ರಲ್ಲಿ ಜನಿಸಿದ ಅವರು ಟೋಕಿಯೋ ಅಂಚಿನ ಮಾಚಿದಾದಲ್ಲಿ ಬೆಳೆದರು; ಕೊಳದ ದಡದಲ್ಲೂ ತೋಪಿನಲ್ಲೂ ಹುಳುಗಳನ್ನು ಹಿಡಿದು ಕೂಡಿಹಾಕುವುದು ಅವರ ಪರಮ ಸಂತೋಷವಾಗಿತ್ತು. ನಗರ ಹಬ್ಬಿದಂತೆ ಕೊಳ ಮುಚ್ಚಿತು, ತೋಪು ಕರಗಿತು. ಮುಂದಿನ ಮಕ್ಕಳಿಗೂ ಆ ಸಂತೋಷದ ಛಾಯೆಯಾದರೂ ಸಿಗಲೆಂದು ಅವರು ರೂಪಿಸಿದ ಆಟ 1996ರ ಫೆಬ್ರವರಿಯಲ್ಲಿ ಹೊರಬಂದಿತು.

ಮುಚ್ಚಿಹೋದ ನೀರಿನ ಕಥೆ ಬೆಂಗಳೂರಿಗೆ ಹೊಸದಲ್ಲ. ಧರ್ಮಾಂಬುಧಿ ಕೆರೆಯಿದ್ದಲ್ಲಿ ಇಂದು ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಆದರೆ ಎಲ್ಲವೂ ಮುಗಿದುಹೋಗಿಲ್ಲ. ಚಾಮರಾಜಪೇಟೆಗೆ ಸಮೀಪದ ಕೆಂಪಾಂಬುಧಿ ಇನ್ನೂ ಕೆರೆಯಾಗಿಯೇ ಉಳಿದಿದೆ. ಮಲ್ಲೇಶ್ವರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮರಗಳಲ್ಲಿ ಕಾಡುಪಾಪ ಇನ್ನೂ ಬಾಳುತ್ತಿದೆ. ಕಾಲು ಕಿಲೋದ ಆಸುಪಾಸಿನ ಮೈ, ಮುಖದ ತುಂಬ ಕಣ್ಣು, ಕಡ್ಡಿಯಂತಹ ಕೈಕಾಲು: ಯಾವ ಚಿತ್ರಕಾರನೂ ಇದಕ್ಕಿಂತ ವಿಚಿತ್ರವಾದುದನ್ನು ಬರೆಯಲಾರ! ಇರುಳಿನಲ್ಲಿ ಕೊಂಬೆಯಿಂದ ಕೊಂಬೆಗೆ ನಿಧಾನವಾಗಿ ಸಾಗಿ ಹುಳುಗಳನ್ನು ತಿನ್ನುವ ಈ ಪ್ರಾಣಿ ಜಿಗಿಯಲಾರದು; ನಡುವಣ ಒಂದು ಮರ ಉರುಳಿದರೆ ಅದರ ದಾರಿಯೇ ತುಂಡಾದಂತೆ.

ಟೈರಂಟ್‌ನ ಆಟ ಮಕ್ಕಳಿಂದ ಕಸಿದುಕೊಳ್ಳಬೇಕಾದ ವಸ್ತುವಲ್ಲ. ದವಡೆಯ ಕಲ್ಲನ್ನು ಕೊಟ್ಟು ಮರಿಯನ್ನು ಪಡೆಯುವ ಪ್ರಯೋಗಶಾಲೆ ಆಟದೊಳಗೆ ಮಾತ್ರ ಇದೆಯೆಂಬುದನ್ನು ಅವರಿಗೆ ಹೇಳಿದರೆ ಸಾಕು. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಅವರನ್ನು ಲಾಲ್‌ಬಾಗಿನ ಬಂಡೆಯ ಮೇಲೆ ಕರೆದೊಯ್ದು, ಅದರ ವಯಸ್ಸೆಷ್ಟಿರಬಹುದೆಂದು ಕೇಳಿ ನೋಡಬಹುದು.