ತೂಕಕ್ಕೆ ಮುದ್ರೆಯುಂಟು, ತಂತ್ರಾಂಶಕ್ಕೆ?

ನಮ್ಮ ಗಿರಣಿಗಳ ಅಂಗಳದಲ್ಲಿರುವ ವೇಬ್ರಿಡ್ಜಿಗೆ ವರ್ಷಕ್ಕೊಮ್ಮೆ ಮುದ್ರೆ ಬೀಳಲೇಬೇಕು. 2009ರ ಕಾನೂನುಬದ್ಧ ಮಾಪನಶಾಸ್ತ್ರ ಅಧಿನಿಯಮದಡಿ ಎಲೆಕ್ಟ್ರಾನಿಕ್ ತೂಕದ ಯಂತ್ರಗಳನ್ನು ಹನ್ನೆರಡು ತಿಂಗಳಿಗೊಮ್ಮೆ ಪರಿಶೀಲಿಸುವ ವ್ಯವಸ್ಥೆಯಿದೆ. ಭತ್ತದ ಚೀಲಕ್ಕೆ ಕೊಳವೆ ಚುಚ್ಚಿ ಮಾದರಿ ತೆಗೆದು, ತೇವಾಂಶ ನೋಡಿಯೇ ನಾವು ಬೆಲೆ ಹೇಳುತ್ತೇವೆ. ಸರ್ಕಾರಿ ಖರೀದಿಯಲ್ಲಂತೂ ಶೇಕಡಾ 17ರ ಮಿತಿ ಎಲ್ಲರಿಗೂ ಕಂಠಪಾಠ. ಆದರೆ ಆ ತೂಕವನ್ನು ಓದಿ, ಬೆಲೆ ಕಟ್ಟಿ, ತೆರಿಗೆ ಸೇರಿಸಿ, ರೈತನ ಖಾತೆಗೆ ಜಮಾ ಬರೆಯುವ ಗಣಕಯಂತ್ರದ ತಂತ್ರಾಂಶವನ್ನು ಮಾತ್ರ ಪರೀಕ್ಷಿಸಿದವರು ಯಾರು, ಯಾವಾಗ ಪರೀಕ್ಷಿಸಿದರು, ಫಲಿತಾಂಶ ಏನಾಯಿತು ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ನಾನೂ ಕೇಳಿದವನಲ್ಲ, ಹಚ್ಚೊಳ್ಳಿಯ ಒಬ್ಬ ರೈತರು ಒಂದೇ ವಿಷಯಕ್ಕೆ ಮೂರನೆಯ ಬಾರಿ ನಮ್ಮ ಅಂಗಡಿಯ ಮೆಟ್ಟಿಲು ಹತ್ತುವವರೆಗೆ. ಅವರು ಪಡೆದ ಮುಂಗಡ ನಮ್ಮ ಲೆಕ್ಕದಲ್ಲಿ ಬಾಕಿಯೆಂದೇ ನಿಂತಿತ್ತು, ಅದರ ಮೇಲೆ ಬಡ್ಡಿಯೂ ಏರಿತ್ತು. ಅವರಾದರೋ ಸುಗ್ಗಿಯಲ್ಲಿಯೇ ಭತ್ತ ಹಾಕಿ ಚೀಟಿ ಪಡೆದಿದ್ದರು. ನಾವು ಮೊದಲು ಗುಮಾಸ್ತರನ್ನು ಗದರಿಸಿದೆವು. ಎರಡು ಸಂಜೆ ಖಾತೆ ತಿರುವಿದ ಬಳಿಕ ತಿಳಿದದ್ದಿಷ್ಟು: ಊರುವಾರು ಪಟ್ಟಿಯಲ್ಲಿ ಹಚ್ಚೊಳ್ಳಿ ಎಂಬ ಊರು ಎರಡು ಸಲ ಇತ್ತು. ಅಕ್ಷರ ಅಕ್ಷರ ಹೋಲಿಸಿದರೂ ಭೇದ ಕಾಣದು. ಒಂದು ಹಚ್ಚೊಳ್ಳಿಯಲ್ಲಿ ಅವರ ಮುಂಗಡ, ಇನ್ನೊಂದು ಹಚ್ಚೊಳ್ಳಿಯಲ್ಲಿ ಅವರ ಭತ್ತ.

ಕಾರಣ ಸ್ವಾರಸ್ಯವಾಗಿದೆ. ಯೂನಿಕೋಡ್ ಪದ್ಧತಿಯಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ. ಇಂದಿನ ಕೀಲಿಮಣೆಯಲ್ಲಿ ಒತ್ತಿದರೆ ಸಾಮಾನ್ಯವಾಗಿ ಮೊದಲನೆಯ ರೂಪ ಬರುತ್ತದೆ. ಆಗ ಹಚ್ಚೊಳ್ಳಿಗೆ ಒಂಬತ್ತು ಸಂಕೇತಗಳು. ಹಳೆಯ ನುಡಿ ಅಕ್ಷರಶೈಲಿಯಲ್ಲಿದ್ದ ಕಡತಗಳಲ್ಲಿ ಒಕಾರವನ್ನು ಎರಡು ತುಂಡುಗಳಾಗಿ ಜೋಡಿಸುವ ಕ್ರಮವಿತ್ತು. ಅವನ್ನು ತುಂಡು ತುಂಡಾಗಿಯೇ ಯೂನಿಕೋಡಿಗೆ ಪರಿವರ್ತಿಸಿದರೆ ಅದೇ ಊರಿಗೆ ಹತ್ತು ಸಂಕೇತಗಳಾಗುತ್ತವೆ. ಒಂಬತ್ತು ಮತ್ತು ಹತ್ತು ಸಮವಲ್ಲವೆಂದು ಯಂತ್ರ ತೀರ್ಮಾನಿಸಿತು. ಓಕಾರವಿರುವ ಕುರುಗೋಡಿನ ಪಾಡು ಇನ್ನೂ ಕಷ್ಟ: ಅದನ್ನು ಎಂಟು, ಒಂಬತ್ತು ಅಥವಾ ಹತ್ತು ಸಂಕೇತಗಳಲ್ಲಿ ಬರೆಯಲು ಸಾಧ್ಯ. ಬಳ್ಳಾರಿ, ಸಿರುಗುಪ್ಪಗಳಿಗೆ ಈ ತೊಂದರೆಯಿಲ್ಲ, ಅವು ಪುಣ್ಯವಂತ ಊರುಗಳು. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುವ ಮುಕ್ತ ತಂತ್ರಾಂಶ ಘಟಕಗಳು ಬಹುಕಾಲದಿಂದ ಉಚಿತವಾಗಿ ಲಭ್ಯವಿವೆ. ನಮ್ಮ ತಂತ್ರಾಂಶದಲ್ಲಿ ಅಂಥದೊಂದನ್ನು ಕರೆಯಬೇಕಾದ ಒಂದು ಸಾಲು ಬಿಟ್ಟುಹೋಗಿತ್ತು.

ಸರಬರಾಜುದಾರರು ನಮಗೆ ಸರಿಪಡಿಸಿಕೊಟ್ಟರು, ಅದರಲ್ಲಿ ದೂರಿಲ್ಲ. ಆದರೆ ಕೆಲ ತಿಂಗಳ ನಂತರ ಅದೇ ತಂತ್ರಾಂಶ ಬಳಸುವ ಮತ್ತೊಬ್ಬ ಮಿತ್ರರು ಅದೇ ಊರಿನ ವಿಷಯದಲ್ಲಿ ತಮ್ಮ ಗುಮಾಸ್ತರನ್ನು ಗದರಿಸುತ್ತಿದ್ದುದನ್ನು ಕೇಳಿದೆ. ನಮ್ಮ ಅಂಗಡಿಯಲ್ಲಿ ಬಯಲಾದ ದೋಷ ನಮ್ಮ ಅಂಗಡಿಯಲ್ಲಿಯೇ ಉಳಿದಿತ್ತು. ಈ ಲೇಖನಕ್ಕೆ ಕಾರಣ ಅದೇ.

ಇಂದಿನ ಯಾವ ತಂತ್ರಾಂಶವೂ ಒಬ್ಬರೇ ಆದಿಯಿಂದ ಬರೆದದ್ದಲ್ಲ. ದಿನಾಂಕ ಲೆಕ್ಕ ಹಾಕುವ ಘಟಕ, ಮುದ್ರಣ ಮಾಡುವ ಘಟಕ, ಗೂಢಲಿಪಿಯ ಘಟಕ ಎಂದು ಬಹುಪಾಲು ಮುಕ್ತ ತಂತ್ರಾಂಶದ ಭಂಡಾರಗಳಿಂದಲೇ ಬರುತ್ತವೆ. ಇವನ್ನು ಬರೆದವರು ಜಗತ್ತಿನ ಯಾವುದೋ ಮೂಲೆಯ ಸ್ವಯಂಸೇವಕರು. ಅವರ ಬಳಿ ಒಂದೆರಡು ಯಂತ್ರಗಳಿರಬಹುದು. ಬಳಸುವವರ ಯಂತ್ರಗಳೋ ನೂರಾರು ಬಗೆ. ಪರ್ಲ್ ಎಂಬ ಗಣಕಭಾಷೆಯ ಸಮುದಾಯ ಇದಕ್ಕೊಂದು ಉಪಾಯವನ್ನು ಬಹಳ ಹಿಂದೆಯೇ ಕಂಡುಕೊಂಡಿತು. ಆ ಭಾಷೆಯ ಘಟಕಗಳ ಭಂಡಾರವಾದ ಸಿಪ್ಯಾನ್ 1995ರಲ್ಲಿ ಸ್ಥಾಪನೆಯಾಯಿತು. 1998ರಲ್ಲಿ ಸಿಪ್ಯಾನ್ ಟೆಸ್ಟರ್ಸ್ ಎಂಬ ಸ್ವಯಂಸೇವಕರ ಬಳಗ ಹುಟ್ಟಿತು. ಯಾರಾದರೂ ಹೊಸ ಘಟಕವನ್ನು ಭಂಡಾರಕ್ಕೆ ಸೇರಿಸಿದೊಡನೆ ಈ ಬಳಗದವರ ಯಂತ್ರಗಳು ಅದನ್ನು ತಾವಾಗಿಯೇ ಇಳಿಸಿಕೊಂಡು, ಅದರೊಂದಿಗೆ ಬಂದ ಪರೀಕ್ಷೆಗಳನ್ನು ನಡೆಸಿ, ಫಲಿತಾಂಶವನ್ನು ಒಂದೆಡೆಗೆ ಕಳುಹಿಸುತ್ತವೆ. ಯಾವ ಕಾರ್ಯಾಚರಣ ವ್ಯವಸ್ಥೆ, ಪರ್ಲ್‌ನ ಯಾವ ಆವೃತ್ತಿ ಎಂಬುದೂ ವರದಿಯಲ್ಲಿರುತ್ತದೆ. ಹೀಗೆ ಸೇರಿದ ವರದಿಗಳ ಸಂಖ್ಯೆ ಕೋಟಿಗಳನ್ನು ದಾಟಿದೆ. ಸಾಮಾನ್ಯ ಬಳಕೆದಾರನೂ ತಾನು ಘಟಕವನ್ನು ಅಳವಡಿಸಿಕೊಳ್ಳುವಾಗ ವರದಿ ತಂತಾನೇ ಹೋಗುವಂತೆ ಮಾಡುವ ಸಾಧನವೊಂದು 2006ರಲ್ಲಿ ಬಂದಿತು.

ಅವರ ಶ್ರೇಣಿಗಳನ್ನು ಗಮನಿಸಬೇಕು. ಉತ್ತೀರ್ಣ, ಅನುತ್ತೀರ್ಣ ಎಂಬ ಎರಡರ ಜೊತೆಗೆ ‘ಅನ್ವಯಿಸದು’ ಎಂಬುದೊಂದು, ‘ತಿಳಿಯದು’ ಎಂಬುದೊಂದು. ಘಟಕದೊಂದಿಗೆ ಪರೀಕ್ಷೆಯೇ ಇಲ್ಲದಿದ್ದರೆ ಅದು ಉತ್ತೀರ್ಣವಾಗುವುದಿಲ್ಲ, ತಿಳಿಯದು ಎಂಬ ಶ್ರೇಣಿಗೆ ಹೋಗುತ್ತದೆ. ನಾವು ವ್ಯಾಪಾರಸ್ಥರು ಇದಕ್ಕೆ ತದ್ವಿರುದ್ಧ. ದೂರು ಬಾರದಿದ್ದರೆ ಎಲ್ಲವೂ ಸರಿಯಿದೆ ಎಂದುಕೊಳ್ಳುತ್ತೇವೆ.

ಆ ವ್ಯವಸ್ಥೆಯಲ್ಲಿ ತಕರಾರುಗಳೇ ಇರಲಿಲ್ಲವೆಂದಲ್ಲ. ಪರೀಕ್ಷಿಸಿದವನ ಯಂತ್ರದ್ದೇ ದೋಷವಾಗಿ, ನಿರಪರಾಧಿ ಘಟಕಕ್ಕೆ ಅನುತ್ತೀರ್ಣ ಬಿದ್ದದ್ದುಂಟು. ವಿಫಲತೆಯ ಪತ್ರಗಳು ರಾಶಿ ರಾಶಿಯಾಗಿ ಬಂದಾಗ ಲೇಖಕರು ರೇಗಿದ್ದೂ ಉಂಟು. ಉಚಿತವಾಗಿ ದುಡಿಯುವವನ ಮನೆಬಾಗಿಲಿಗೆ ದಿನವೂ ದೂರು ಬಂದರೆ ಯಾರಿಗೆ ತಾಳ್ಮೆಯಿದ್ದೀತು? ಅದಕ್ಕಾಗಿ ಮುಂದೆ ವರದಿಗಳ ಸಾರಾಂಶವನ್ನು ಲೇಖಕರು ಬಯಸಿದಂತೆ ಒಂದೇ ಕಡೆಯಿಂದ ಕಳುಹಿಸುವ ಏರ್ಪಾಡಾಯಿತು.

ಇಲ್ಲಿ ನನ್ನ ಮುಖ್ಯ ವಾದ ಬರುತ್ತದೆ. ಪರೀಕ್ಷೆ ತಾನು ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ. ಹೊರದೇಶದ ಲೇಖಕ ತನ್ನ ಘಟಕಕ್ಕೆ ಪರೀಕ್ಷೆ ಬರೆಯುವಾಗ ಹಚ್ಚೊಳ್ಳಿಯನ್ನು ಎರಡು ಬಗೆಯಲ್ಲಿ ಬರೆದು ನೋಡಬೇಕೆಂದು ಅವನಿಗೆ ಹೊಳೆಯುವುದು ಹೇಗೆ? ಆಂಗ್ಲ ಲಿಪಿಯಲ್ಲಿ ಈ ಹೆಸರಿಗೆ ಹತ್ತು ಬೈಟು ಸಾಕು. ಯುಟಿಎಫ್-8 ಕ್ರಮದಲ್ಲಿ ಕನ್ನಡಕ್ಕೆ ಇಪ್ಪತ್ತೇಳು ಬೇಕು. ಊರಿನ ಹೆಸರಿಗೆ ಇಪ್ಪತ್ತೈದು ಬೈಟು ಧಾರಾಳವೆಂದು ಯಾರಾದರೂ ನಿಗದಿ ಮಾಡಿದ್ದರೆ ಕೊನೆಯ ಗುಡಿಸು ಮುರಿದುಬೀಳುತ್ತದೆ. ಇಂಥ ಪ್ರಶ್ನೆಗಳನ್ನು ನಾವೇ ಬರೆದು ಕೊಡಬೇಕು. ಮುಕ್ತ ತಂತ್ರಾಂಶದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಎರಡು ಸಾಲಿನ ಪರೀಕ್ಷೆಯೊಂದನ್ನು ಲೇಖಕರು ಸ್ವೀಕರಿಸಿದರೆ ಆ ಘಟಕದ ಪ್ರತಿ ಹೊಸ ಆವೃತ್ತಿಯೂ ಹಚ್ಚೊಳ್ಳಿಯನ್ನು ದಾಟಿಯೇ ಮುಂದೆ ಹೋಗಬೇಕಾಗುತ್ತದೆ.

ತೆರಿಗೆಯ ಲೆಕ್ಕಕ್ಕೂ ಇದೇ ಮಾತು. 2022ರ ಜುಲೈ 18ರಿಂದ ಮೊದಲೇ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಅಕ್ಕಿಗೆ 25 ಕಿಲೋವರೆಗೆ ಶೇಕಡಾ 5ರ ಜಿಎಸ್‌ಟಿ ಬಂದಿತು. ಅದಕ್ಕಿಂತ ದೊಡ್ಡ ಚೀಲಕ್ಕಿಲ್ಲ. 25 ಕಿಲೋ ಚೀಲಕ್ಕೆ ತೆರಿಗೆಯುಂಟು, 26 ಕಿಲೋ ಚೀಲಕ್ಕಿಲ್ಲ ಎಂಬುದನ್ನು ತಂತ್ರಾಂಶ ಸರಿಯಾಗಿ ಹೇಳುವುದೇ? ಬಳ್ಳಾರಿಯ ಜೀನ್ಸ್ ತಯಾರಕರಿಗೆ 2025ರ ಸೆಪ್ಟೆಂಬರ್ 22ರಿಂದ ಮಿತಿ ಒಂದು ಸಾವಿರದಿಂದ ಎರಡೂವರೆ ಸಾವಿರ ರೂಪಾಯಿಗೆ ಏರಿತು: ಅಲ್ಲಿಯವರೆಗಿನ ಉಡುಪಿಗೆ ಶೇಕಡಾ 5, ಮೇಲ್ಪಟ್ಟದ್ದಕ್ಕೆ 18. ಸರಿಯಾಗಿ 2,500 ರೂಪಾಯಿಯ ಪ್ಯಾಂಟಿಗೆ ಎಷ್ಟು? ಇಂಥ ಗಡಿಯ ಪ್ರಶ್ನೆಗಳಲ್ಲಿಯೇ ತಂತ್ರಾಂಶ ಎಡವುವುದು. ದಂಡ ಕಟ್ಟುವವನು ಮಾತ್ರ ವ್ಯಾಪಾರಿ.

ಸದಸ್ಯ ಬಾಂಧವರು ಕೆಲವರು ಆಕ್ಷೇಪಿಸಬಹುದು: ನಮ್ಮ ಲೆಕ್ಕದ ಗುಟ್ಟು ಹೊರಗೆ ಹೋಗುವುದಿಲ್ಲವೇ? ನ್ಯಾಯವಾದ ಆತಂಕ. ವರದಿಯಲ್ಲಿ ಗಿರಾಕಿಯ ಹೆಸರಾಗಲಿ ಮೊತ್ತವಾಗಲಿ ಇರಬಾರದು, ಇರುವ ಅಗತ್ಯವೂ ಇಲ್ಲ. ಪರೀಕ್ಷೆ ನಡೆಯಬೇಕಾದದ್ದು ಕಲ್ಪಿತ ಖಾತೆಗಳ ಮೇಲೆ. ಹೋಗಬೇಕಾದದ್ದು ಆವೃತ್ತಿ, ಯಂತ್ರದ ಬಗೆ ಮತ್ತು ಫಲಿತಾಂಶ, ಇಷ್ಟೇ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ. 2024ರ ಮಾರ್ಚಿನಲ್ಲಿ ಎಕ್ಸ್‌ಜೆಡ್ ಎಂಬ ಮುಕ್ತ ಘಟಕದಲ್ಲಿ ಕಳ್ಳಬಾಗಿಲು ಪತ್ತೆಯಾದಾಗ, ದುರುಳ ಸಂಕೇತವನ್ನು ಬಚ್ಚಿಟ್ಟದ್ದು ಪರೀಕ್ಷೆಗೆಂದು ಇಟ್ಟ ಕಡತಗಳೊಳಗೇ ಎಂದು ತಿಳಿಯಿತು. ಅದನ್ನು ಹಿಡಿದದ್ದು ಯಾವ ಸ್ವಯಂಚಾಲಿತ ವರದಿಯೂ ಅಲ್ಲ. ಯಂತ್ರದೊಳಗೆ ಪ್ರವೇಶಿಸಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅನುಮಾನಿಸಿದ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು. ಆದುದರಿಂದ ಸ್ವಯಂಚಾಲಿತ ಪರೀಕ್ಷೆ ದ್ರೋಹವನ್ನು ಹಿಡಿದೀತೆಂದು ನಾನು ಹೇಳಲಾರೆ. ಮರೆವನ್ನು ಹಿಡಿಯುತ್ತದೆ. ನಮ್ಮ ಅಂಗಡಿಗಳಲ್ಲಿ ನಷ್ಟ ತರುವುದು ಬಹುಮಟ್ಟಿಗೆ ಮರೆವೇ.

ನಮ್ಮ ಸಂಸ್ಥೆ ಇದಕ್ಕಾಗಿ ದೊಡ್ಡ ವೆಚ್ಚವನ್ನೇನೂ ಮಾಡಬೇಕಿಲ್ಲ. ಜಿಲ್ಲೆಯ ಊರುಗಳ ಹೆಸರುಗಳನ್ನು ಅವುಗಳ ಸಾಧ್ಯ ರೂಪಗಳೆಲ್ಲದರೊಂದಿಗೆ, ತೆರಿಗೆಯ ಗಡಿ ಪ್ರಕರಣಗಳನ್ನು ಸರಿಯುತ್ತರಗಳೊಂದಿಗೆ ಒಂದು ಕಡತದಲ್ಲಿ ಸಿದ್ಧಪಡಿಸಿ ಯಾರು ಬೇಕಾದರೂ ಬಳಸುವಂತೆ ಬಿಡಬಹುದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದು ಒಂದು ಅವಧಿಯ ಕೆಲಸ. ಸದಸ್ಯರು ತಂತ್ರಾಂಶ ಕೊಳ್ಳುವಾಗ, ಹೊಸ ಆವೃತ್ತಿ ಬಂದಾಗಲೆಲ್ಲ ಈ ಕಡತದ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಕೊಳ್ಳುವವನಿಗೂ ಸಂಸ್ಥೆಯ ಕಚೇರಿಗೂ ತಾನಾಗಿ ಬರತಕ್ಕದ್ದು ಎಂಬ ಒಂದು ಷರತ್ತನ್ನು ಕರಾರಿನಲ್ಲಿ ಬರೆಸಬೇಕು. ಸರಬರಾಜುದಾರರು ಮೊದಮೊದಲು ಗೊಣಗಿಯಾರು. ಒಬ್ಬರೇ ಕೇಳಿದರೆ ಒಪ್ಪಲಾರರು, ಎಲ್ಲ ಗಿರಣಿಯವರೂ ಜೀನ್ಸ್ ತಯಾರಕರೂ ಕೂಡಿ ಕೇಳಿದರೆ ಒಪ್ಪುತ್ತಾರೆ.

ಆ ಕಡತದ ಮೊದಲ ಸಾಲಿಗೆ ಹಚ್ಚೊಳ್ಳಿಯನ್ನು ಎರಡು ಬಗೆಯಲ್ಲಿ ಬರೆದು ನಾನು ಸಿದ್ಧವಾಗಿಟ್ಟಿದ್ದೇನೆ. ಆ ರೈತರ ಬಡ್ಡಿಯನ್ನು ನಾವು ಆಗಲೇ ವಜಾ ಮಾಡಿದೆವು; ಈ ಸಲದ ಭತ್ತವನ್ನು ಅವರು ಬೇರೆ ಅಂಗಡಿಗೆ ಹಾಕಿದ್ದಾರೆ.