ಕಲ್ಲು ಓದುವವರನ್ನು ಕಳೆದುಕೊಳ್ಳಬೇಡಿ

ಸಣ್ಣ ವಿಶ್ವವಿದ್ಯಾಲಯಗಳು ಬೊಕ್ಕಸಕ್ಕೆ ಹೊರೆ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಮುಚ್ಚಬೇಕೆಂದು ಹೇಳಿದ ಒಂಬತ್ತು ವಿಶ್ವವಿದ್ಯಾಲಯಗಳಲ್ಲಿ ಹಾವೇರಿಯದೂ ಒಂದು. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಹುಟ್ಟಿದ ಜಾನಪದ ವಿಶ್ವವಿದ್ಯಾಲಯ ಆ ಪಟ್ಟಿಯಲ್ಲಿ ಇರಲಿಲ್ಲ, ನಿಜ. ಆದರೆ ವಿದ್ಯಾರ್ಥಿಗಳೆಷ್ಟು, ಆದಾಯವೆಷ್ಟು ಎಂದು ಮಾತ್ರ ಕೇಳುವ ಅಳತೆಗೋಲು ಒಮ್ಮೆ ಕೈಗೆ ಬಂದರೆ ಅದು ಯಾವ ಬಾಗಿಲಿಗೂ ಹೋಗಬಹುದು. ನನ್ನ ತಕರಾರು ಆ ಅಳತೆಗೋಲಿನ ಮೇಲೆಯೇ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿರುವ ಕನ್ನಡ ಸಂಶೋಧನ ಸಂಸ್ಥೆಗೆ ಒಮ್ಮೆ ಹೋಗಿ ಬನ್ನಿ. 1939ರಲ್ಲಿ ಮುಂಬಯಿ ಸರ್ಕಾರ ಅದನ್ನು ಕಟ್ಟಿದಾಗ ಕರ್ನಾಟಕ ವಿಶ್ವವಿದ್ಯಾಲಯವೇ ಇರಲಿಲ್ಲ. ಆರ್.ಎಸ್. ಪಂಚಮುಖಿಯವರು ಆ ಸಂಸ್ಥೆಯ ಮೂಲಕ ಊರೂರಿನ ಶಾಸನಗಳನ್ನು ಓದಿಸಿ ಅಚ್ಚು ಹಾಕಿಸಿದರು. ಅಲ್ಲಿನ ವಸ್ತುಸಂಗ್ರಹಾಲಯ ದೊಡ್ಡದಲ್ಲ. ಮೈಸೂರು ಅರಮನೆ ನೋಡಿ ಬಂದವರಿಗೆ ಸಪ್ಪೆ ಎನಿಸಲೂಬಹುದು. ಆದರೆ ವೀರಗಲ್ಲಿನ ಮುಂದೆ ನಿಂತ ಹುಡುಗಿಯೊಬ್ಬಳು ಇದರಲ್ಲೇನಿದೆ ಎಂದು ಕೇಳಿದರೆ ಉತ್ತರ ಹೇಳಬಲ್ಲ ವಿದ್ಯೆಯ ಪರಂಪರೆ ಆ ಕಟ್ಟಡಕ್ಕಿದೆ. ಆ ಪರಂಪರೆಗೆ ಬೆಲೆ ಕಟ್ಟುವ ಕೋಷ್ಟಕ ಯಾವ ಉಪಸಮಿತಿಯ ಕೈಯಲ್ಲಿದೆ?

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ನಮ್ಮ ನಾಲ್ಕು ತಾಲೂಕುಗಳನ್ನೇ ನೋಡೋಣ. 1196ರಲ್ಲಿ ಹೊಯ್ಸಳ ಎರಡನೇ ಬಲ್ಲಾಳ ಹಾನಗಲ್ಲಿನ ಆನೆಕೆರೆಯ ಬಳಿ ಬೀಡುಬಿಟ್ಟು ಕೋಟೆಗೆ ಮುತ್ತಿಗೆ ಹಾಕಿದ. ಕದಂಬರ ಸೇನಾನಿ ಸೋಹಣಿ ಅವನನ್ನು ಹಿಮ್ಮೆಟ್ಟಿಸಿ ತಾನು ಪ್ರಾಣ ಬಿಟ್ಟ. ಈ ಕಾಳಗ ನಮಗೆ ಗೊತ್ತಾದದ್ದು ವೀರಗಲ್ಲಿನಿಂದ. ಹಿರೇಕೆರೂರು ತಾಲೂಕಿನ ಅಬಲೂರಿನ ಸೋಮೇಶ್ವರ ಗುಡಿಯ ಶಾಸನ ಶಿವಭಕ್ತ ಏಕಾಂತದ ರಾಮಯ್ಯನ ಕಥೆ ಹೇಳುತ್ತದೆ. ಆ ಗುಡಿಗೆ ದತ್ತಿ ಬಿಟ್ಟವರಲ್ಲಿ ಹಾನಗಲ್ಲಿನ ಅದೇ ಕದಂಬರ ದೊರೆ ಕಾಮದೇವನೂ ಇದ್ದಾನೆ. ಅಲ್ಲಿ ಶಿಲ್ಪಪಟ್ಟಿಕೆಗಳ ಮೇಲೆಯೇ ಸಣ್ಣ ಬರಹಗಳಿವೆ. ಚಿತ್ರ ಯಾವ ಪ್ರಸಂಗದ್ದು ಎಂದು ಕಲ್ಲೇ ಹೇಳುತ್ತದೆ. ಶಾಸನತಜ್ಞ ಫ್ಲೀಟ್ ಇವನ್ನು ಓದಿ ಪ್ರಕಟಿಸಿ ನೂರಿಪ್ಪತ್ತು ವರ್ಷ ಮೀರಿದೆ. ಹಾನಗಲ್ಲಿನ ಕಲ್ಲನ್ನೂ ಅಬಲೂರಿನ ಗೋಡೆಯನ್ನೂ ಜೋಡಿಸಿ ಮಕ್ಕಳಿಗೆ ಹೇಳುವ ಕೆಲಸ ಇವತ್ತು ಯಾರದು?

ಬಂಕಾಪುರದ ಕೋಟೆಯೊಳಗಿನ ಅರವತ್ತು ಕಂಬದ ಗುಡಿಗಾಗಲಿ ಹಾನಗಲ್ಲಿನ ತಾರಕೇಶ್ವರ ಗುಡಿಯ ತಾವರೆ ಛಾವಣಿಗಾಗಲಿ ರಕ್ಷಣೆಯ ಕಾನೂನಿದೆ, ಫಲಕವಿದೆ. ನನ್ನ ಚಿಂತೆ ಹೆಸರಿಲ್ಲದ ಕಲ್ಲುಗಳದು. ಅಗಸೆ ಬಾಗಿಲಲ್ಲಿ, ಕೆರೆ ಏರಿ ಮೇಲೆ, ಹೊಲದ ಬದುವಿನಲ್ಲಿ ಬಿದ್ದಿರುವ ಮಾಸ್ತಿಕಲ್ಲುಗಳು, ತುಂಡಾದ ಶಾಸನಗಳು. ಒಂದಕ್ಕೆ ಆಯಿಲ್ ಪೇಂಟ್, ಇನ್ನೊಂದಕ್ಕೆ ಸುಣ್ಣ, ಮತ್ತೊಂದು ಬಟ್ಟೆ ಒಗೆಯುವ ಹಾಸುಗಲ್ಲು. ಊರವರನ್ನು ಬೈದು ಫಲವಿಲ್ಲ. ‘ಇದ್ರಾಗ ಏನ್ ಬರದೈತ್ರಿ?’ ಎಂದು ಅವರು ಕೇಳಿದಾಗ ಹೇಳಲು ನಾವು ಯಾರನ್ನೂ ಕಳಿಸಿಲ್ಲ.

ಇಲ್ಲಿ ಎರಡು ವಾದಗಳಿವೆ. ಎಲ್ಲವನ್ನೂ ಹೊತ್ತು ಬೆಂಗಳೂರಿಗೋ ಧಾರವಾಡಕ್ಕೋ ಸಾಗಿಸಿ ಎನ್ನುವುದು ಒಂದು. ಊರ ಕಲ್ಲನ್ನು ಮುಟ್ಟಲೇಬೇಡಿ ಎನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಅಬಲೂರಿನ ಪಟ್ಟಿಕೆಗಳನ್ನು ಕಿತ್ತು ಗಾಜಿನ ಪೆಟ್ಟಿಗೆಗೆ ಹಾಕಿದರೆ ಅರ್ಧ ಅರ್ಥ ಅಲ್ಲೇ ಉದುರಿ ಹೋಗುತ್ತದೆ. ಪೂಜೆಯಲ್ಲಿರುವ ವಿಗ್ರಹವನ್ನು ಎತ್ತುವ ಹಕ್ಕು ಯಾರಿಗೂ ಇಲ್ಲ. ಆದರೆ ಚರಂಡಿಗೆ ಚಪ್ಪಡಿಯಾದ ಶಾಸನಕ್ಕೆ ಸೂರು ಬೇಕು. ಆ ಸೂರು ಸವಣೂರಿನವರು, ಹಾನಗಲ್ಲಿನವರು ಬೆಳಗ್ಗೆ ಬಸ್ಸು ಹತ್ತಿ ಹೋಗಿ ಸಂಜೆಗೆ ಮನೆಗೆ ಮರಳುವಷ್ಟು ಹತ್ತಿರದಲ್ಲಿರಬೇಕು. ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ 2024ರ ನವೆಂಬರ್‌ನಲ್ಲಿ ಮನೆ ಮನೆಗೆ, ಓಣಿ ಓಣಿಗೆ ಹೋಗಿ ನೂರಾರು ಅವಶೇಷಗಳನ್ನು ಒಟ್ಟು ಮಾಡಿದರು; ಬಯಲು ವಸ್ತುಸಂಗ್ರಹಾಲಯಕ್ಕೆ ಊರವರೇ ಕೊಟ್ಟರು. ಪಕ್ಕದ ಜಿಲ್ಲೆಗೆ ಆದದ್ದು ನಮಗೇಕೆ ಆಗದು?

ಜಾಗ ಗೊಟಗೋಡಿಯಲ್ಲೇ ಇದೆ. ಹುಬ್ಬಳ್ಳಿ–ಬೆಂಗಳೂರು ಹೆದ್ದಾರಿಯ ಬದಿಯಲ್ಲಿ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್‌ಗೆ ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ. ಹಳ್ಳಿಯ ಬದುಕನ್ನು ಸಿಮೆಂಟಿನಲ್ಲಿ ನೋಡಿ ಖುಷಿಪಟ್ಟ ಮಕ್ಕಳು ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ತಮ್ಮ ಊರಿನದೇ ಕಲ್ಲನ್ನು ನೋಡುವಂತಾಗಬೇಕು. ವೀರಗಲ್ಲು ಜಾನಪದಕ್ಕೆ ಸೇರಿದ್ದಲ್ಲ, ಪುರಾತತ್ತ್ವಕ್ಕೆ ಸೇರಿದ್ದು ಎಂದು ತಗಾದೆ ತೆಗೆಯುವ ವಿದ್ವಾಂಸರಿದ್ದಾರೆ. ತುರು ಕಾಯಲು ಹೋಗಿ ಸತ್ತವನ ನೆನಪಿಗೆ ಊರು ನಿಲ್ಲಿಸಿದ ಕಲ್ಲು ಜನಪದರದಲ್ಲದೆ ಇನ್ನಾರದು?

ಕಟ್ಟಡಕ್ಕೆ ಹಣ ಸಿಗುತ್ತದೆ, ಉದ್ಘಾಟನೆಗೂ ಸಿಗುತ್ತದೆ. ಶಾಸನ ಓದಬಲ್ಲವರಿಗೆ ಖಾಯಂ ಸಂಬಳ ಕೊಡಲು ಮಾತ್ರ ಸಿಗುವುದಿಲ್ಲ. ಹಳಗನ್ನಡ ಲಿಪಿ ಕಲಿತ ತರುಣರು ಅತಿಥಿ ಉಪನ್ಯಾಸಕರಾಗಿ ವರ್ಷ ಸವೆಸುತ್ತಿದ್ದಾರೆ.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಜನ ತಮ್ಮ ಶಾಸಕರನ್ನು ಮೂರು ವಿಷಯ ಕೇಳಲಿ: ಬಿಡಿ ಬಿದ್ದ ಕಲ್ಲುಗಳ ಊರುವಾರು ಪಟ್ಟಿ, ಗೊಟಗೋಡಿಯಲ್ಲಿ ಅವಕ್ಕೊಂದು ಸೂರು, ಅಲ್ಲಿ ಖಾಯಂ ಶಾಸನತಜ್ಞರ ನೇಮಕ. ಮುಂದಿನ ಬಜೆಟ್ಟಿಗೆ ಮೊದಲೇ ಕೇಳಲಿ.